ಮುಳುಗಡೆ ಊರಿನ ಅಸೆಂಬಲ್ಡ್ ಕಂಪ್ಯೂಟರ್

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಕೆಲಸದ ಒತ್ತಡ ಅಂತ ಸುಳ್ಳು ಹೇಳುವುದಿಲ್ಲ, ಸೋಮಾರಿತನ ಅಷ್ಟೆ :) ಈ ಸಲ ಬರೆಯಲು ಕೂರಿಸಿದ್ದು ಇಳಕಲ್ಲಿನಿಂದ ಬಂದ ಒಂದು ಫೋನು.

ನಮ್ಮ ಚಿಗವ್ವನನ್ನು ಕೊಟ್ಟಿದ್ದು ಇಳಕಲ್ಲಿಗೆ. ಕಾಕಾ ನೇಕಾರರು, ಮನೆಯಲ್ಲೇ ಕುಣಿಮಗ್ಗ ಇದೆ. ಅವರ ಮಗಳು, ಅಂದರೆ ನನ್ನ ತಂಗಿ, ಬಿಸಿಎ ಓದುತ್ತಿದ್ದಾಳೆ. ಮೊಬೈಲ್ ಆಪ್ ಬರೆಯುವುದನ್ನು ಕಲಿಯಬೇಕು ಅನ್ನುವುದು ಅವಳ ಆಸೆ. ಮನೆಯಿಂದಲೇ ಕಾಲೇಜಿಗೆ ಹೋಗುವುದರಿಂದ ಲ್ಯಾಪ್‌ಟಾಪ್ ಬೇಡ, ಅದೇ ದುಡ್ಡಿಗೆ ಗಟ್ಟಿ ಡೆಸ್ಕ್‌ಟಾಪ್ ಮಾಡಿಸೋಣ, ಕೆಟ್ಟರೆ ಕೆಟ್ಟ ಪಾರ್ಟ್ ಮಾತ್ರ ಬದಲಿಸಬಹುದು ಅಂತ ನಾನೇ ಹೇಳಿದ್ದೆ. ಕಾಕಾ ವರ್ಷದಿಂದ ಕೂಡಿಸಿಟ್ಟದ್ದು 35 ಸಾವಿರ ರೂಪಾಯಿ. ಸೆಪ್ಟೆಂಬರಿನಲ್ಲಿ ನಾನು ಕಳಿಸಿದ ಲಿಸ್ಟು ಆ ದುಡ್ಡಿನಲ್ಲಿ ಸರಿಯಾಗಿ ಕೂತಿತ್ತು. ಡಿಸೆಂಬರಿನಲ್ಲಿ ದುಡ್ಡು ಕೈಗೆ ಬಂದಾಗ ಕೂರಲಿಲ್ಲ.

"ಅಣ್ಣಾ, ರ‍್ಯಾಮ್ ರೇಟ್ ಕೇಳಿ ಎದಿ ಒಡದಂಗಾತು. ಎರಡು ಪಟ್ಟಿಗಿಂತ ಜಾಸ್ತಿ ಆಗೇತಿ" ಅಂದಳು. ಸ್ವಲ್ಪ ಸುಮ್ಮನಿದ್ದು, "ಎಸ್‌ಎಂಪಿಎಸ್ ಸಾದಾದು ಹಾಕಿದ್ರ ನಡೀತೈತಿ ಅಂತಾರ ಅಂಗಡ್ಯಾಗ. ಎರಡು ಸಾವಿರ ಉಳೀತೈತಿ" ಅಂತ ಸೇರಿಸಿದಳು.

ನಾನು "ಬ್ಯಾಡ!" ಅಂತ ಎಷ್ಟು ಜೋರಾಗಿ ಹೇಳಿದೆನೆಂದರೆ ಆಫೀಸಿನಲ್ಲಿ ಪಕ್ಕದವನು ತಿರುಗಿ ನೋಡಿದ.

"ಯಾಕ ಅಣ್ಣಾ ಹಂಗ ಒದರ್ತಿ?"

ಯಾಕೆ ಅನ್ನುವುದು ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣ ಕತೆಯಲ್ಲ. ಅದರಲ್ಲಿ ಅರ್ಧ ನಮ್ಮ ಮನೆಯ ಕತೆ, ಇನ್ನರ್ಧ ಲಿಸ್ಟ್ ಹಿಡಿದು ಬಿಡಿ ಬಿಡಿ ಪಾರ್ಟ್ ಕೊಂಡು ಕಂಪ್ಯೂಟರ್ ಮಾಡುವ ಪದ್ಧತಿಯ ಕತೆ. ಎರಡನೆಯದನ್ನು ಮೊದಲು ಹೇಳುತ್ತೇನೆ. ಅದು 1981ರಿಂದ ಶುರುವಾಗುತ್ತದೆ.

ಐಬಿಎಂ ಬಾಗಿಲು ತೆರೆದಿಟ್ಟಿದ್ದು

ಅದಕ್ಕೂ ಮುಂಚೆ ಕಂಪ್ಯೂಟರ್ ಅಂದರೆ ಒಂದೇ ಕಂಪನಿ ತಲೆಯಿಂದ ಕಾಲಿನವರೆಗೆ ಮಾಡಿಕೊಡುವ ವಸ್ತು. ಐಬಿಎಂನ ದೊಡ್ಡ ಯಂತ್ರ ಕೊಂಡರೆ ಅದರ ಡಿಸ್ಕು, ಪ್ರಿಂಟರು, ರಿಪೇರಿ ಎಲ್ಲವೂ ಬಹುಮಟ್ಟಿಗೆ ಐಬಿಎಂನದೇ. ಆದರೆ 1980ರ ಹೊತ್ತಿಗೆ ಮೇಜಿನ ಮೇಲಿಡುವ ಸಣ್ಣ ಕಂಪ್ಯೂಟರುಗಳ ಮಾರುಕಟ್ಟೆಯನ್ನು ಆಪಲ್‌ನಂಥ ಕಂಪನಿಗಳು ಹಿಡಿಯುತ್ತಿದ್ದವು. ಐಬಿಎಂಗೆ ಅವಸರವಾಯಿತು. ಫ್ಲೋರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ಎಂಬವರ ಕೈಕೆಳಗೆ ಒಂದು ಸಣ್ಣ ತಂಡ ಕಟ್ಟಿ, ಒಂದು ವರ್ಷದೊಳಗೆ ಮಾಡಿ ಮುಗಿಸಿ ಅಂದರು. ಎಲ್ಲವನ್ನೂ ಸ್ವಂತವಾಗಿ ಮಾಡುತ್ತ ಕೂರಲು ಸಮಯ ಎಲ್ಲಿದೆ? ಪೇಟೆಯಲ್ಲಿ ಸಿಗುವ ಪಾರ್ಟುಗಳನ್ನೇ ಆರಿಸಿಕೊಂಡರು. ಪ್ರೊಸೆಸರ್ ಇಂಟೆಲ್‌ನ 8088. ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟಿನಿಂದ. ಪ್ರಿಂಟರ್ ಎಪ್ಸನ್‌ನದು. ಫ್ಲಾಪಿ ಡ್ರೈವ್ ಟಂಡನ್ ಕಂಪನಿಯದು. ಅದನ್ನು ಅಮೆರಿಕದಲ್ಲಿ ಕಟ್ಟಿದ ಜಗಿ ಟಂಡನ್ ಭಾರತದಿಂದ ಹೋದವರು.

1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. 4.77 ಮೆಗಾಹರ್ಟ್ಸ್ ವೇಗ, ತೀರಾ ಅಗ್ಗದ ಮಾದರಿಯಲ್ಲಿ 16 ಕೆಬಿ ಮೆಮೊರಿ, ಬೆಲೆ 1,565 ಡಾಲರ್. ಒಳಗೆ ಐದು ಖಾಲಿ ಸ್ಲಾಟು. ನನಗೆ ಈ ಖಾಲಿ ಸ್ಲಾಟುಗಳೇ ದೊಡ್ಡ ವಿಷಯ ಅನ್ನಿಸುತ್ತದೆ. ನಮಗೆ ಗೊತ್ತಿಲ್ಲದ್ದನ್ನು ನಾಳೆ ಬೇರೆ ಯಾರೋ ಮಾಡಿಯಾರು, ಅವರದೂ ಇದರಲ್ಲಿ ಕೂರಲಿ ಅನ್ನುವ ಏರ್ಪಾಡು ಅದು. ಜೊತೆಗೆ ಐಬಿಎಂ ಒಂದು ಟೆಕ್ನಿಕಲ್ ರೆಫರೆನ್ಸ್ ಪುಸ್ತಕವನ್ನೂ ಮಾರಾಟಕ್ಕಿಟ್ಟಿತು. ಅದರಲ್ಲಿ ಸರ್ಕ್ಯೂಟ್ ನಕ್ಷೆ ಇತ್ತು, ಬಯಾಸ್‌ನ ಪೂರ್ತಿ ಪ್ರೋಗ್ರಾಮೂ ಅಚ್ಚಾಗಿತ್ತು. ಅದನ್ನು ನೋಡಿ ಯಾರು ಬೇಕಾದರೂ ಕಾರ್ಡು ತಯಾರಿಸಬಹುದಿತ್ತು.

ಇಡೀ ಪೆಟ್ಟಿಗೆಯನ್ನೇ ನಕಲು ಮಾಡಲು ಅಡ್ಡಿಯಾಗಿದ್ದು ಬಯಾಸ್ ಒಂದೇ, ಯಾಕೆಂದರೆ ಅದರ ಹಕ್ಕು ಐಬಿಎಂ ಹತ್ತಿರವಿತ್ತು. ಕಾಂಪ್ಯಾಕ್ ಕಂಪನಿಯವರು ಅದಕ್ಕೊಂದು ಉಪಾಯ ಹುಡುಕಿದರು. ಒಂದು ತಂಡ ಐಬಿಎಂನ ಬಯಾಸ್ ಓದಿ, ಅದು ಏನೇನು ಕೆಲಸ ಮಾಡುತ್ತದೆ ಅಂತ ಮಾತ್ರ ಪಟ್ಟಿ ಮಾಡಿತು. ಆ ಪ್ರೋಗ್ರಾಮನ್ನು ಕಣ್ಣಿನಿಂದಲೂ ನೋಡಿರದ ಇನ್ನೊಂದು ತಂಡ ಆ ಪಟ್ಟಿ ನೋಡಿಕೊಂಡು ಹೊಸದಾಗಿ ಬರೆಯಿತು. 1982ರ ನವೆಂಬರಿನಲ್ಲಿ ಕಾಂಪ್ಯಾಕ್ ತನ್ನ ಪಿಸಿಯನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಅಂಥದೇ ಬಯಾಸ್ ಬರೆದು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಕೊನೆಯ ಬೀಗವೂ ತೆರೆಯಿತು. ತೈವಾನಿನ ಸಣ್ಣ ಸಣ್ಣ ಕಾರ್ಖಾನೆಗಳು ಮದರ್‌ಬೋರ್ಡ್ ಮಾಡತೊಡಗಿದವು. ಐಬಿಎಂ ಅವಸರಕ್ಕೆ ಬಿದ್ದು ಮಾಡಿದ ಕೆಲಸ ಜಗತ್ತಿನ ಎಲ್ಲ ಸಣ್ಣ ಊರುಗಳ ಕಂಪ್ಯೂಟರ್ ಅಂಗಡಿಗಳಿಗೆ ಅನ್ನ ಹಾಕಿತು. ಐಬಿಎಂ ಮಾತ್ರ 2005ರಲ್ಲಿ ತನ್ನ ಪಿಸಿ ವ್ಯಾಪಾರವನ್ನು ಲೆನೊವೊಗೆ ಮಾರಿ ಕೈತೊಳೆದುಕೊಂಡಿತು!

ಬನಶಂಕರಿ ಜಾತ್ರೆಯ ಚೌಕಟ್ಟು

ಪಾರ್ಟು ಸಿಕ್ಕರೆ ಸಾಲದು, ಒಬ್ಬರ ಪಾರ್ಟು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂರಬೇಕಲ್ಲ.

ನಮ್ಮ ಕಡೆಯವರಿಗೆ ಬಾದಾಮಿ ಬನಶಂಕರಿ ಜಾತ್ರೆ ಗೊತ್ತಿರುತ್ತದೆ. ನಾಟಕ ಕಂಪನಿಗಳಿಗೆ ಎಷ್ಟು ಹೆಸರೋ ಅಲ್ಲಿ ಮಾರಾಟಕ್ಕೆ ಬರುವ ಬಾಗಿಲು ಚೌಕಟ್ಟುಗಳಿಗೂ ಅಷ್ಟೇ ಹೆಸರು. ಮನೆ ಕಟ್ಟಿಸುವವರು ಜಾತ್ರೆಗೆ ಹೋಗಿ ಚೌಕಟ್ಟು ಆರಿಸಿ ಹೇರಿಕೊಂಡು ಬರುತ್ತಾರೆ. ನಮ್ಮ ಅಜ್ಜನೂ ಹಳೇ ಬಾಗಲಕೋಟೆಯ ಮನೆಗೆ ಹಾಗೇ ಒಂದು ಚೌಕಟ್ಟು ತಂದಿದ್ದ. ಮುಳುಗಡೆಯಲ್ಲಿ ಮನೆ ಬಿಟ್ಟು ಬರುವಾಗ ಅಪ್ಪ ಅದನ್ನು ಕಿತ್ತು ನವನಗರಕ್ಕೆ ತಂದರು. ಆದರೆ ಹಳೇ ಮನೆಯ ಗೋಡೆ ಎರಡಡಿ ದಪ್ಪ, ಹೊಸ ಮನೆಯದು ಒಂಬತ್ತಿಂಚು. ಚೌಕಟ್ಟು ಕೂರಲಿಲ್ಲ. ಎಷ್ಟೋ ವರ್ಷ ಹಿತ್ತಲಿನಲ್ಲಿ ಗೋಡೆಗೆ ಒರಗಿಕೊಂಡೇ ಇತ್ತು.

ಕಂಪ್ಯೂಟರಿನಲ್ಲಿ ಈ ತೊಂದರೆ ತಪ್ಪಿಸಿದ್ದು ಒಂದು ಅಳತೆಯ ಒಪ್ಪಂದ. 1984ರ ಐಬಿಎಂ ಎಟಿ ಮಾದರಿಯ ಅಳತೆಯನ್ನೇ ಎಲ್ಲರೂ ಹತ್ತು ವರ್ಷ ಅನುಸರಿಸಿದರು. ಅದರಲ್ಲಿ ಕರೆಂಟಿನ ಎರಡು ಕನೆಕ್ಟರ್ ಅಕ್ಕಪಕ್ಕ ಚುಚ್ಚಬೇಕು, ಕಪ್ಪು ವೈರುಗಳು ಮಧ್ಯದಲ್ಲಿ ಒಟ್ಟಿಗೆ ಬರಬೇಕು. ಅದಲುಬದಲಾದರೆ ಬೋರ್ಡು ಸುಟ್ಟಂತೆಯೇ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಹೊಸ ಅಳತೆ ತಂದಿತು. 305 ಮಿಮೀ ಉದ್ದ, 244 ಮಿಮೀ ಅಗಲದ ಬೋರ್ಡು, ಸ್ಕ್ರೂ ತೂತು ಇಂತಿಂಥಲ್ಲೇ, ಹಿಂದಿನ ಕಿಂಡಿ ಇಷ್ಟೇ ಅಗಲ, ಕರೆಂಟಿಗೆ ತಪ್ಪಾಗಿ ಚುಚ್ಚಲು ಬಾರದಂಥ ಒಂದೇ ಕನೆಕ್ಟರ್. ವಿಂಡೋಸ್ 95 ಕಾಲದಲ್ಲಿ 'ಈಗ ನೀವು ಕಂಪ್ಯೂಟರ್ ಆಫ್ ಮಾಡಬಹುದು' ಅಂತ ಪರದೆಯ ಮೇಲೆ ಬರುತ್ತಿದ್ದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಎಟಿಎಕ್ಸ್ ಬಂದಮೇಲೆ ಯಂತ್ರ ತಾನೇ ಆಫ್ ಆಗುವುದನ್ನು ಕಲಿಯಿತು. 1997ರಲ್ಲಿ ಇದರ ತಮ್ಮ ಮೈಕ್ರೋ ಎಟಿಎಕ್ಸ್ ಬಂತು; ಬೋರ್ಡು ಚಿಕ್ಕದು, ಆದರೆ ಅಣ್ಣನ ಪೆಟ್ಟಿಗೆಯಲ್ಲೂ ಕೂರುತ್ತದೆ. ಈ ಮಾತು ನೆನಪಿಡಿ, ಕೊನೆಗೆ ಮತ್ತೆ ಬರುತ್ತದೆ.

ನಮ್ಮ ಕಡೆಗೆ ಬಂದದ್ದು

ನಮ್ಮ ದೇಶಕ್ಕೆ ಇದೆಲ್ಲ ಬಂದದ್ದು ನಿಧಾನವಾಗಿ. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಗಿತ್ತು. ವಿದೇಶಿ ಕಂಪನಿಗಳು ತಮ್ಮ ಪಾಲು ಇಳಿಸಬೇಕೆಂಬ ಕಾನೂನಿಗೆ ಅದು ಒಪ್ಪಲಿಲ್ಲ. ಆ ಜಾಗದಲ್ಲಿ ಎಚ್‌ಸಿಎಲ್, ಬೆಂಗಳೂರಿನ ವಿಪ್ರೋ ಮೊದಲಾದವು ಕಂಪ್ಯೂಟರ್ ಮಾಡಿದವು. 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರದ ಹೊಸ ಕಂಪ್ಯೂಟರ್ ಧೋರಣೆ ಬಂದು, ಬಿಡಿಭಾಗ ತರಿಸಲು ಲೈಸೆನ್ಸು ಮತ್ತು ಸುಂಕ ಸಡಿಲವಾದವು. ಆದರೂ ಮನೆಯಲ್ಲಿ ಕಂಪ್ಯೂಟರ್ ಇಡುವ ಬೆಲೆ ಅದಲ್ಲ.

ಕನ್ನಡದಲ್ಲಿ ಬ್ಲಾಗ್ ಬರೆಯುವ ನಮಗೆಲ್ಲ ಸಂಬಂಧಿಸಿದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಆಗ ಕನ್ನಡವೂ ಒಂದು ಪಾರ್ಟ್ ಆಗಿತ್ತು! ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬ ಕಾರ್ಡನ್ನು ಪಿಸಿಯ ಖಾಲಿ ಸ್ಲಾಟಿಗೆ ಚುಚ್ಚಿದರೆ ಡಾಸ್‌ನ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಐಬಿಎಂನವರು ಬಿಟ್ಟಿದ್ದ ಆ ಖಾಲಿ ಸ್ಲಾಟುಗಳಲ್ಲಿ ಒಂದರಲ್ಲಿ ಒಂದು ದಿನ ಕನ್ನಡ ಬಂದು ಕೂರುತ್ತದೆ ಅಂತ ಬೋಕಾ ರೇಟನ್‌ನಲ್ಲಿ ಯಾರು ಅಂದುಕೊಂಡಿದ್ದರು? ಆಮೇಲೆ ಕಾರ್ಡಿನ ಕೆಲಸವನ್ನು ತಂತ್ರಾಂಶಗಳು ವಹಿಸಿಕೊಂಡವು. 1998ರಲ್ಲಿ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆ ಯುನಿಕೋಡ್ ಕನ್ನಡ ತಂದಿತು. ಅಲ್ಲೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಟಿಕ್ ಹಾಕಬೇಕು, ಹಾಕಿದರೆ ಎಕ್ಸ್‌ಪಿ ಸೀಡಿ ಕೇಳುತ್ತದೆ, ಸೀಡಿ ಅಂಗಡಿಯವನ ಹತ್ತಿರ ಇರುತ್ತದೆ... ಆ ಕಾಲದ ಬ್ಲಾಗಿಗರಿಗೆ ಹೆಚ್ಚು ಹೇಳಬೇಕಿಲ್ಲ :)

ಬೆಲೆ ಇಳಿಸಿದ್ದು ಇನ್ನೊಂದು ಒಪ್ಪಂದ. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹಲವು ದೇಶಗಳು ಕಂಪ್ಯೂಟರ್ ಮತ್ತು ಬಿಡಿಭಾಗಗಳ ಮೇಲಿನ ಆಮದು ಸುಂಕವನ್ನು ಸೊನ್ನೆಗೆ ಇಳಿಸುತ್ತೇವೆಂದು ಒಪ್ಪಿದವು. 1997ರಲ್ಲಿ ಭಾರತವೂ ಸೇರಿ, 2005ರೊಳಗೆ ಹಂತಹಂತವಾಗಿ ಇಳಿಸುತ್ತ ಬಂತು. ಅದೇ 1997ರಲ್ಲಿ ಬಿಜಾಪುರದಿಂದ ಬೇರೆಯಾಗಿ ನಮ್ಮ ಬಾಗಲಕೋಟೆ ಜಿಲ್ಲೆಯೂ ಆಯಿತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಪಾರ್ಟುಗಳ ರಾಶಿ ಬಿತ್ತು. ಅಲ್ಲಿಂದ ರಾತ್ರಿ ಬಸ್ಸಿನ ಮೇಲೆ ರಟ್ಟಿನ ಡಬ್ಬಗಳು ನಮ್ಮ ಊರುಗಳಿಗೂ ಬಂದವು. ಹಾಗೆ ಬಂದ ಡಬ್ಬಗಳಿಂದ ಎದ್ದದ್ದೇ ನಮ್ಮ ಮನೆಯ ಮೊದಲ ಕಂಪ್ಯೂಟರ್.

2007, ನವನಗರ

ನಮ್ಮ ಹಳೇ ಮನೆ ಘಟಪ್ರಭೆ ಕಡೆಯ ಓಣಿಯಲ್ಲಿತ್ತು. ಆಲಮಟ್ಟಿ ಅಣೆಕಟ್ಟು 2005ರಲ್ಲಿ ಪೂರ್ತಿಯಾಯಿತು, 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ದೇಶಕ್ಕೆ ಅರ್ಪಿಸಿದರು. ಆದರೆ ಹಿನ್ನೀರಿಗೆ ಊರು ಬಿಡುವ ಕೆಲಸ ಅದಕ್ಕೂ ಎಷ್ಟೋ ವರ್ಷ ಮೊದಲೇ ಹಂತ ಹಂತವಾಗಿ ಶುರುವಾಗಿತ್ತು. ಇವತ್ತು ಒಂದು ಓಣಿ, ಮುಂದಿನ ವರ್ಷ ಇನ್ನೊಂದು. ನಮ್ಮ ಸರದಿ ಬಂದಾಗ ನನಗೆ ಒಂಬತ್ತು ವರ್ಷ. ಬಿಡುವ ಮೊದಲಿನ ವಾರ ಸಂಬಂಧಿಕರೊಬ್ಬರ ಡಿಜಿಟಲ್ ಕ್ಯಾಮೆರಾ ತಂದು ಅಕ್ಕ ಇಡೀ ಮನೆಯ ಫೋಟೋ ತೆಗೆದಳು. ಪಡಸಾಲೆ, ದೇವರ ಮನೆ, ಹಗೇವು, ಅಜ್ಜಿ ರೊಟ್ಟಿ ಬಡಿಯುತ್ತಿದ್ದ ಒಲೆ, ಕೊನೆಗೆ ಆ ಬನಶಂಕರಿ ಚೌಕಟ್ಟಿನ ಮುಂದೆ ಎಲ್ಲರೂ ಸಾಲಾಗಿ ನಿಂತದ್ದು. ಪ್ರಿಂಟ್ ಹಾಕಿಸಲು ದುಡ್ಡು ಯಾಕೆ, ಕಂಪ್ಯೂಟರ್ ತಗೊಂಡ ಮೇಲೆ ಅದರಲ್ಲೇ ಇಡೋಣ ಅಂದುಕೊಂಡೆವು. ಅಲ್ಲಿಯವರೆಗೆ ಒಂದು ಸೀಡಿಯಲ್ಲಿದ್ದವು.

2007ರಲ್ಲಿ ಅಕ್ಕನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಪರಿಹಾರದ ದುಡ್ಡಿನಲ್ಲಿ ಮನೆ ಕಟ್ಟಿಸಿ ಉಳಿದದ್ದರಲ್ಲಿ ಅಪ್ಪ 20 ಸಾವಿರ ಎತ್ತಿಟ್ಟರು. ಊರಿನ ಒಂದು ಅಂಗಡಿಗೆ ನಾವು ಮೂವರೂ ಹೋದೆವು. ಅಂಗಡಿಯವನು ಕೊಟೇಶನ್ ಬರೆಯುತ್ತ ಹೋದ. ಸೆಲೆರಾನ್ ಪ್ರೊಸೆಸರ್, 945 ಚಿಪ್‌ಸೆಟ್ಟಿನ ಬೋರ್ಡು, 512 ಎಂಬಿ ರ‍್ಯಾಮ್, 80 ಜಿಬಿ ಹಾರ್ಡ್ ಡಿಸ್ಕ್, 17 ಇಂಚಿನ ಡಬ್ಬ ಮಾನಿಟರ್. ದುಡ್ಡು ಸ್ವಲ್ಪ ಮೀರಿತು. ಆಗ ಅವನು ಪೆನ್ನಿನಲ್ಲಿ ಎರಡು ಸಾಲು ಹೊಡೆದು, "ಇವೆರಡು ಸಾದಾ ಹಾಕ್ತೀನ್ರಿ, ಏನೂ ಫರಕ್ ಬರಂಗಿಲ್ಲ" ಅಂದ. ಕ್ಯಾಬಿನೆಟ್ ಮಾತ್ರ ಮುಂದೆ ನೀಲಿ ಲೈಟಿನದು, ಸ್ಪೀಕರ್ ದೊಡ್ಡವು. ನನಗಂತೂ ಸ್ವರ್ಗ. ಅವನು ಹೊಡೆದ ಎರಡು ಸಾಲು ಎಸ್‌ಎಂಪಿಎಸ್ ಮತ್ತು ಯುಪಿಎಸ್.

ಎಸ್‌ಎಂಪಿಎಸ್ ಅಂದರೆ ಗೋಡೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಎಲ್ಲ ಪಾರ್ಟಿಗೂ ಹಂಚುವ ಡಬ್ಬ. ಹಾರ್ಡ್ ಡಿಸ್ಕು, ಬೋರ್ಡು, ಪ್ರೊಸೆಸರು ಎಲ್ಲದಕ್ಕೂ ಅನ್ನ ಬರುವುದು ಇದೊಂದರಿಂದ. ಒಳ್ಳೆಯದು ಕೆಡುವಾಗ ತಾನು ಆಫ್ ಆಗಿ ಉಳಿದದ್ದನ್ನು ಕಾಯುತ್ತದೆ. ಕೆಟ್ಟದ್ದು ಕೆಡುವಾಗ ಹೆಚ್ಚು ವೋಲ್ಟೇಜನ್ನು ಎಲ್ಲರ ಮೇಲೂ ಬಿಟ್ಟು ಸಾಯುತ್ತದೆ. ಮೇಲೆ 450 ವಾಟ್ ಅಂತ ಸ್ಟಿಕರ್ ಇದ್ದ ಮಾತ್ರಕ್ಕೆ ಒಳಗೆ ಅಷ್ಟು ಇರುತ್ತದೆ ಅಂತೇನಿಲ್ಲ. ಕೈಯಲ್ಲಿ ಎತ್ತಿ ನೋಡಿದರೆ ಹಗುರವಾಗಿರುವುದೇ ಒಂದು ಗುರುತು. ಎಷ್ಟು ಕರೆಂಟು ಪೋಲಾಗದೆ ಒಳಗೆ ಹೋಗುತ್ತದೆ ಅಂತ ಪರೀಕ್ಷಿಸಿ 80 ಪ್ಲಸ್ ಎಂಬ ಮುದ್ರೆ ಕೊಡುವ ಪದ್ಧತಿ 2004ರಲ್ಲೇ ಶುರುವಾಗಿತ್ತು. ನಮ್ಮ ಅಂಗಡಿಯಲ್ಲಿ ಅದರ ಹೆಸರನ್ನು ಯಾರೂ ಎತ್ತಲಿಲ್ಲ, ನಮಗೆ ಕೇಳಲು ಗೊತ್ತಿರಲಿಲ್ಲ.

ಅದು ಇನ್ನೊಂದು ಕಾರಣಕ್ಕೂ ಕೆಟ್ಟ ಕಾಲವಾಗಿತ್ತು. 1999ರಿಂದ 2007ರವರೆಗೆ ತಯಾರಾದ ಎಷ್ಟೋ ಮದರ್‌ಬೋರ್ಡು ಮತ್ತು ಪವರ್ ಸಪ್ಲೈಗಳಲ್ಲಿ ಕಳಪೆ ಕೆಪಾಸಿಟರುಗಳು ಸೇರಿಕೊಂಡಿದ್ದವು. ಒಳಗಿನ ದ್ರವದ ಪಾಕವೇ ತಪ್ಪಿತ್ತು. ಗ್ಯಾಸ್ ಹುಟ್ಟಿ, ಎರಡು ಮೂರು ವರ್ಷಕ್ಕೆ ಅವುಗಳ ತಲೆ ಪೂರಿಯಂತೆ ಉಬ್ಬಿ ಒಡೆಯುತ್ತಿದ್ದವು. ದೊಡ್ಡ ದೊಡ್ಡ ಬ್ರ್ಯಾಂಡಿನ ಯಂತ್ರಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ.

ನಮ್ಮದು ಸತ್ತದ್ದು 2011ರ ಬೇಸಿಗೆಯಲ್ಲಿ. ಅಕ್ಕನ ಕೊನೇ ಸೆಮಿಸ್ಟರ್, ಪ್ರಾಜೆಕ್ಟ್ ರಿಪೋರ್ಟ್ ಕೊಡಲು ನಾಲ್ಕು ದಿನ ಬಾಕಿ. ಮಧ್ಯಾಹ್ನ ಹೋದ ಕರೆಂಟು ಸಂಜೆ ಬಂತು. ಬಂದಕೂಡಲೇ ಪೆಟ್ಟಿಗೆಯೊಳಗೆ ಟಪ್ ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಯಿತು, ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಕ್ಕ ಗೆಳತಿಯ ಮನೆಯಲ್ಲಿ ಮೂರು ರಾತ್ರಿ ಕೂತು ರಿಪೋರ್ಟನ್ನು ಮತ್ತೆ ಟೈಪ್ ಮಾಡಿದಳು. ಅದು ಆಯಿತು. ಫೋಟೋಗಳನ್ನು ಮತ್ತೆ ತೆಗೆಯಲು ಮನೆ ಎಲ್ಲಿದೆ? ಸೀಡಿ ಹುಡುಕಿದೆವು. ಅದರ ಹಿಂಬದಿ ಪದರು ಕಿತ್ತು ಓದಲು ಬರದಂತಾಗಿತ್ತು.

ಗುಜರಿಯವನು ಬಂದಾಗಲೆಲ್ಲ ಅವ್ವ ಆ ಪೆಟ್ಟಿಗೆ ಕೊಟ್ಟುಬಿಡೋಣ ಅನ್ನುತ್ತಿದ್ದಳು. ಅಪ್ಪ ಬಿಡಲಿಲ್ಲ. "ಅದರಾಗ ನಮ್ಮ ಮನಿ ಐತಿ, ಇರ್ಲಿ ಬಿಡು" ಅನ್ನುತ್ತಿದ್ದರು. 2019ರಲ್ಲಿ ನಾನು ಕೆಲಸಕ್ಕೆ ಸೇರಿದ ಮೇಲೆ ಡಿಸ್ಕನ್ನು ಬೆಂಗಳೂರಿನಲ್ಲಿ ಡೇಟಾ ರಿಕವರಿ ಮಾಡುವವರಿಗೆ ಕೊಟ್ಟು ನೋಡಿದೆ. ಹೊರಗಿನ ಬೋರ್ಡು ಬದಲಿಸಿದರು, ಒಳಗಿನ ಹೆಡ್ಡೂ ಬದಲಿಸಿದರು. ಆಗಲಿಲ್ಲ. ಅಪ್ಪನಿಗೆ ಹೇಳಿದಾಗ, "ಇರ್ಲಿ, ಡಿಸ್ಕ್ ಮಾತ್ರ ಅಲ್ಲೇ ಬಿಟ್ಟು ಬರಬ್ಯಾಡ" ಅಂದರು. ತಂದು ಅದೇ ಪೆಟ್ಟಿಗೆಯಲ್ಲಿಟ್ಟೆ.

ಎಲ್ಲೋ ಏನೋ ಆದರೆ ಇಲ್ಲಿ ಬಿಲ್ಲು

ತಂಗಿ ಕೇಳಿದ ಇನ್ನೊಂದು ಪ್ರಶ್ನೆ, ರ‍್ಯಾಮ್ ಯಾಕೆ ಇಷ್ಟು ತುಟ್ಟಿಯಾಯಿತು ಅಂತ. ಇದಕ್ಕೂ ಹಳೇ ಚರಿತ್ರೆ ಇದೆ. 1993ರ ಜುಲೈನಲ್ಲಿ ಜಪಾನಿನ ನಿಹಾಮಾದಲ್ಲಿ ಸುಮಿಟೊಮೊ ಕಂಪನಿಯ ಒಂದು ಕಾರ್ಖಾನೆ ಸ್ಫೋಟವಾಯಿತು. ಚಿಪ್ಪುಗಳ ಮೇಲಿನ ಕಪ್ಪು ಕವಚಕ್ಕೆ ಬೇಕಾದ ಅಂಟು ಜಗತ್ತಿಗೆ ಬಹುಪಾಲು ಅಲ್ಲಿಂದ ಹೋಗುತ್ತಿತ್ತು. ಕೆಲವೇ ದಿನಗಳಲ್ಲಿ ರ‍್ಯಾಮ್ ಬೆಲೆ ಸರಸರ ಏರಿತು. 1999ರ ಸೆಪ್ಟೆಂಬರಿನಲ್ಲಿ ತೈವಾನಿನ ಭೂಕಂಪವಾದಾಗ ಮತ್ತೆ ಏರಿತು.

2011ರ ಅಕ್ಟೋಬರಿನದು ನನಗೆ ಮರೆಯಲಾಗದ್ದು, ಯಾಕೆಂದರೆ ಹೊಸ ಹಾರ್ಡ್ ಡಿಸ್ಕ್ ಕೊಳ್ಳಬೇಕೆಂದು ನಾವು ದುಡ್ಡು ಕೂಡಿಸುತ್ತಿದ್ದ ಹೊತ್ತು ಅದು. ಥಾಯ್ಲೆಂಡಿನ ಪ್ರವಾಹದಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಕಾರ್ಖಾನೆಗಳು ಮುಳುಗಿ ಜಗತ್ತಿನಾದ್ಯಂತ ಡಿಸ್ಕಿನ ಬೆಲೆ ಹಾರಿತು. ಮುಳುಗಿದ ಕೈಗಾರಿಕಾ ಪ್ರದೇಶಗಳಲ್ಲಿ ಒಂದರ ಹೆಸರು ನವ ನಾಕೊರ್ನ್. ಸಂಸ್ಕೃತದ ನವನಗರವೇ ಥಾಯ್ ಬಾಯಲ್ಲಿ ಹಾಗಾಗಿದೆ! ನಮ್ಮ ನವನಗರ ಹುಟ್ಟಿದ್ದು ಊರು ಮುಳುಗಿ, ಅವರ ನವನಗರವೇ ಮುಳುಗಿತು. ಆ ವರ್ಷ ನಾವು ಡಿಸ್ಕ್ ಕೊಳ್ಳಲಿಲ್ಲ.

2025ರ ಕೊನೆಯಲ್ಲಿ ಬೆಂಕಿಯೂ ಇಲ್ಲ, ನೀರೂ ಇಲ್ಲ. ಎಐ ಸರ್ವರುಗಳಿಗೆ ಬೇಕಾದ ವಿಶೇಷ ಮೆಮೊರಿಯಲ್ಲಿ ಲಾಭ ಹೆಚ್ಚು ಅಂತ ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೂ ಅತ್ತ ವಾಲಿದವು. ಜಗತ್ತಿನ ರ‍್ಯಾಮ್ ಬಹುಪಾಲು ಈ ಮೂವರದೇ. ಡಿಸೆಂಬರಿನಲ್ಲಿ ಮೈಕ್ರಾನ್ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇನೆಂದು ಪ್ರಕಟಿಸಿತು. ಅದರ ಬಿಸಿ ಇಳಕಲ್ಲಿನ ಮಗ್ಗದ ಮನೆಗೂ ತಾಗಿತು. ವೃತ್ತಿಯಿಂದ ನಾನೂ ಈ ಎಐ ಗಲಾಟೆಯಲ್ಲಿ ಇರುವವನೇ ಆದ್ದರಿಂದ ತಂಗಿಗೆ ಹೇಳುವಾಗ ಸ್ವಲ್ಪ ನಾಚಿಕೆಯಾಯಿತು.

ಕಾಕಾ ಹೇಳಿದ್ದು

ಫೋನಿನಲ್ಲಿ ಬಗೆಹರಿಯದೆ ಮುಂದಿನ ಶನಿವಾರ ಊರಿಗೆ ಹೋಗಿ, ಅಲ್ಲಿಂದ ಹುನಗುಂದದ ಮೇಲೆ ಇಳಕಲ್ಲಿಗೆ ಹೋದೆ. ಕಾಕಾ ಮಗ್ಗದಲ್ಲಿ ಕೂತಿದ್ದರು. ಲಿಸ್ಟು ಓದಿ ಹೇಳಿದೆ: ರೈಜನ್ 5 5600ಜಿ ಪ್ರೊಸೆಸರ್, ಗ್ರಾಫಿಕ್ಸ್ ಅದರಲ್ಲೇ ಇದೆ, ಬೇರೆ ಕಾರ್ಡು ಬೇಡ. ಎಎಂ4 ಸಾಕೆಟ್ಟಿನ ಮೈಕ್ರೋ ಎಟಿಎಕ್ಸ್ ಬೋರ್ಡು. 8 ಜಿಬಿಯ ಎರಡು ರ‍್ಯಾಮ್, ಯಾಕೆಂದರೆ ಆಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ 8 ಜಿಬಿಯಲ್ಲಿ ತೆವಳುತ್ತದೆ, ಜೊತೆಗೆ ಒಳಗಿನ ಗ್ರಾಫಿಕ್ಸಿಗೆ ಎರಡು ರ‍್ಯಾಮ್ ಜೋಡಿಯಾಗಿದ್ದರೆ ಓಟ ಹೆಚ್ಚು. 500 ಜಿಬಿ ಎಸ್‌ಎಸ್‌ಡಿ. 450 ವಾಟಿನ 80 ಪ್ಲಸ್ ಬ್ರಾಂಜ್ ಎಸ್‌ಎಂಪಿಎಸ್. ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟಿನದು. ಇದು ತಂಗಿಯ ಆಸೆ. ಮಾನಿಟರ್ ಅಕ್ಕ ಕೊಡುತ್ತಾಳೆ, ಅವಳ ಹಳೆಯದು. ಒಟ್ಟು ಮೊತ್ತ ಕೈಯಲ್ಲಿರುವುದಕ್ಕಿಂತ ಐದು ಸಾವಿರ ಹೆಚ್ಚು. ಯಾವುದನ್ನು ಬಿಡುವುದು?

ಕಾಕಾಗೆ ಕಂಪ್ಯೂಟರ್ ಗೊತ್ತಿಲ್ಲ. "ಎಸ್‌ಎಂಪಿಎಸ್ ಅಂದ್ರ ಏನ್ ತಮ್ಮಾ?" ಅಂದರು. ಹೇಳಿದೆ. ಅವರು ಮಗ್ಗದ ಮೇಲಿನ ಸೀರೆ ತೋರಿಸಿದರು. ಇಳಕಲ್ ಸೀರೆಯ ವಿಶೇಷ ನಿಮಗೆ ಗೊತ್ತಿರಬಹುದು. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಪೂರ್ತಿ ರೇಷ್ಮೆ ಹಾಕಿದರೆ ಎಲ್ಲರ ಕೈಗೆ ಎಟುಕುವುದಿಲ್ಲ. ಅದಕ್ಕೇ ಕೆಂಪು ತೋಪ್ ತೆನಿ ಸೆರಗಿಗೆ ಮಾತ್ರ ರೇಷ್ಮೆ. ಎರಡೂ ಹಾಸುಗಳನ್ನು ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೇಯ್ದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ.

"ಮಂದಿ ನೋಡೂದು ಸೆರಗು. ಆದ್ರ ಕೊಂಡಿ ಬಿಟ್ಟಿತಂದ್ರ ಸೆರಗೂ ಇಲ್ಲ, ಒಡಲೂ ಇಲ್ಲ. ನೀ ಹೇಳೂ ಡಬ್ಬಿ ಕೊಂಡಿ ಇದ್ದಂಗ ಕಾಣತೈತಿ. ಅದರಾಗ ಉಳಸಬ್ಯಾಡ್ರಿ" ಅಂದರು.

ತಂಗಿ ಮುಖ ಸಣ್ಣದು ಮಾಡಿಕೊಂಡು, "ಹಂಗಾದ್ರ ಗಾಜಿಂದು ಬ್ಯಾಡ" ಅಂದಳು. ಆಗ ನನಗೆ ನವನಗರದ ಅಟ್ಟದ ಮೇಲಿನ ಪೆಟ್ಟಿಗೆ ನೆನಪಾಯಿತು.

ಕೂರುತ್ತದೆ!

ಭಾನುವಾರ ಅಟ್ಟದಿಂದ ಇಳಿಸಿ ಧೂಳು ಹೊಡೆದು ಬಿಚ್ಚಿದೆ. ಹಳೇ ಬೋರ್ಡಿನ ಮೇಲೆ ನಾಲ್ಕು ಕೆಪಾಸಿಟರ್ ಉಬ್ಬಿದ್ದವು. ಅಳತೆ ನೋಡಿದೆ. 2007ರ ಪೆಟ್ಟಿಗೆ, 1995ರ ಅಳತೆ, ಹೊಸ ಬೋರ್ಡು. ಸ್ಕ್ರೂ ತೂತುಗಳು ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಹೊಸ ಎಸ್‌ಎಂಪಿಎಸ್ ಹಳೇ ಜಾಗದಲ್ಲೇ ಕೂರುತ್ತದೆ. ಪವರ್ ಬಟನ್ನಿನ ಎರಡು ವೈರು ಅವೇ. ಕುಂದು ಇಲ್ಲವೆಂದಲ್ಲ. ಮುಂದಿನ ಯುಎಸ್‌ಬಿ ಕಿಂಡಿಗಳು ಹಳೇ ವೇಗದವು, ಗಾಳಿ ಆಡುವುದು ಕಡಿಮೆ. 65 ವಾಟಿನ ಪ್ರೊಸೆಸರ್ ಆದ್ದರಿಂದ ಹಿಂದೆ ಒಂದು ಹೊಸ ಫ್ಯಾನ್ ಹಾಕಿದರೆ ಸಾಕು. ಕ್ಯಾಬಿನೆಟ್ಟಿನ ದುಡ್ಡು ಉಳಿಯಿತು, ಎಸ್‌ಎಸ್‌ಡಿ 256 ಜಿಬಿಗೆ ಇಳಿಸಿದೆವು. ರ‍್ಯಾಮ್ ಪೂರ್ತಿ ಬಂತು, ಎಸ್‌ಎಂಪಿಎಸ್ ಒಳ್ಳೆಯದೇ ಬಂತು, ಬಿಲ್ಲೂ ವಾರಂಟಿಯೂ ಬಂದವು.

ಅಪ್ಪನನ್ನು ಕೇಳಬೇಕಿತ್ತು. "ಪೆಟ್ಟಿಗಿ ಇಳಕಲ್ಲಿಗೆ ಒಯ್ಲೇನಪ್ಪಾ?" ಅಂದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಸ್ಕ್ರೂಡ್ರೈವರ್ ಇಸಿದುಕೊಂಡು ತಾವೇ ಹಾರ್ಡ್ ಡಿಸ್ಕ್ ಬಿಚ್ಚಿದರು. ಟ್ರೆಜರಿಯಲ್ಲಿ ಹಳೇ ಮನೆಯ ಕಾಗದಪತ್ರ ಇರುವ ಖಾನೆಯಲ್ಲಿ, ಒಂದು ಕರವಸ್ತ್ರದಲ್ಲಿ ಸುತ್ತಿ ಇಟ್ಟರು. "ಪೆಟ್ಟಿಗಿ ಒಯ್ಯಿ. ಹುಡಗಿ ಕಲೀಲಿ" ಅಂದರು.

ಕಂಪ್ಯೂಟರನ್ನು ಕಾಕಾನ ಪಡಸಾಲೆಯಲ್ಲಿ ತಂಗಿಯ ಕೈಯಿಂದಲೇ ಜೋಡಿಸಿದೆ, ನಾನು ಬರೀ ಹೇಳುತ್ತಿದ್ದೆ. ಬಟನ್ ಒತ್ತಿದಾಗ 2007ರ ಆ ನೀಲಿ ಲೈಟು ಹತ್ತಿತು. ಲಿನಕ್ಸ್ ಹಾಕಿದೆವು. ಯಾವ ಕಾರ್ಡೂ ಬೇಡ, ಯಾವ ಸೀಡಿಯೂ ಬೇಡ, ಮೊದಲ ಸಲ ಬೂಟ್ ಆದಾಗಲೇ ಕನ್ನಡ ಇತ್ತು. ಅವಳು ಮೊದಲು ಮಾಡಿದ ಫೋಲ್ಡರಿಗೆ ಕನ್ನಡದಲ್ಲೇ 'ಫೋಟೋ' ಅಂತ ಹೆಸರಿಟ್ಟಳು. ಅದರದೊಂದು ನಕಲನ್ನು ಬೇರೆ ಕಡೆಯೂ ಇಡುವುದು ಹೇಗೆ ಅಂತ ತೋರಿಸಿದ ಮೇಲೆಯೇ ನಾನು ಬಸ್ಸು ಹತ್ತಿದ್ದು.

ನಿಮ್ಮ ಹತ್ತಿರವೂ ಹಳೇ ಫೋಟೋಗಳು ಒಂದೇ ಡಿಸ್ಕಿನಲ್ಲಿದ್ದರೆ ಇದನ್ನು ಓದಿ ಮುಗಿಸಿದ ಕೂಡಲೇ ಇನ್ನೊಂದು ಕಡೆ ನಕಲು ಮಾಡಿ. ಮತ್ತೆ ಸಿಗೋಣ.